ಡಿಪಿಎಫ್ ದೀಪ ಹತ್ತಿತು ಅಂದ್ರೆ ಗಾಡಿ ಕೆಟ್ಟಿದೆ ಅಂತಲ್ಲ

ಏಳು ಸೀಟಿನ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿದಿಟ್ಟು ಸುಡೋ ಫಿಲ್ಟರ್) ಪದೇ ಪದೇ ಕಟ್ಟಿಕೊಳ್ಳುತ್ತೆ, ನಂಬೋಕಾಗಲ್ಲ ಅಂತ ಈ ಗಾಡಿಗಳ ಬಗ್ಗೆ ಬಂದ ಒಂದು ಲೇಖನದಲ್ಲಿದೆ. ಅದು ಅರ್ಧ ಮಾತ್ರ ನಿಜ. ದಾವಣಗೆರೆ ಪಿ.ಜೆ. ಬಡಾವಣೆಯಿಂದ ಶಾಲೆ, ಮಾರ್ಕೆಟ್ ಅಂತ ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಡಿಪಿಎಫ್ ಸಾಕಷ್ಟು ಬಿಸಿಯಾಗೋದೇ ಇಲ್ಲ, ಮಸಿ ಸುಡಲ್ಲ. ದೀಪ ಹತ್ತಿದ ಕೂಡಲೇ ಹೈವೇ 48ಕ್ಕೆ ಹೋಗಿ ಚಿತ್ರದುರ್ಗದ ಕಡೆ ಸುಮಾರು 20 ನಿಮಿಷ, 2000 ಆರ್‌ಪಿಎಂ ಮೇಲೆ ಒಂದೇ ಸಮ ಓಡಿಸಿ. ಬೇಕಾದರೆ ಒಂದು ಗೇರ್ ಕೆಳಗೇ ಇಡಿ. ದೀಪ ಆರುವ ಮೊದಲು ಎಂಜಿನ್ ಆಫ್ ಮಾಡಬೇಡಿ. ಪ್ರತಿ ಸಲ ಅರ್ಧಕ್ಕೇ ನಿಲ್ಲಿಸಿದರೆ ಮಸಿ ಸುಡಲು ಹೆಚ್ಚಾಗಿ ಬಿಟ್ಟ ಡೀಸೆಲ್, ಎಂಜಿನ್ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡೋ ಕಡ್ಡಿ) ಆಯಿಲ್ ಮೇಲಿನ ಗೆರೆ ದಾಟಿ, ಡೀಸೆಲ್ ವಾಸನೆ ಬಂದರೆ ತಡ ಮಾಡದೆ ಬದಲಾಯಿಸಿ.

ಆ ಲೇಖನದಲ್ಲಿ ಬರದೇ ಇರೋದು ಇನ್ನೊಂದಿದೆ, ನಮ್ಮ ಕಡೆಯವರು ದಯವಿಟ್ಟು ಗಮನಿಸಿ. ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರ್ತಾರೆ. ಹುರುಳಿ ಬಳ್ಳಿ ಗಾಡಿ ಕೆಳಗೆ ಚಕ್ರ ತಿರುಗಿಸೋ ಶಾಫ್ಟ್‌ಗೆ ಹಗ್ಗದ ಹಾಗೆ ಸುತ್ತಿಕೊಂಡು ಸೈಲೆನ್ಸರ್ ಪೈಪಿಗೆ ತಾಗುತ್ತೆ. ಮಸಿ ಸುಡುವಾಗ ಡಿಪಿಎಫ್ ಒಳಗೆ 600 ಡಿಗ್ರಿ ಆಸುಪಾಸು ಶಾಖ, ಬೆಂಕಿ ಹಿಡಿಯೋಕೆ ಅಷ್ಟು ಸಾಕು. ದಾಟಲೇಬೇಕಾಗಿ ಬಂದರೆ, ದಾಟಿದ ಮೇಲೆ ಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ ಬಗ್ಗಿ ನೋಡಿ, ಕೋಲಿನಿಂದ ಎಳೆದು ತೆಗೆಯಿರಿ.

ಹಿಂದಿನ ಸೀಟಲ್ಲಿ ಎತ್ತಿ ಹಾಕುತ್ತೆ ಅನ್ನೋರು ಶಾಕ್‌ಅಬ್ಸಾರ್ಬರ್ ಬದಲಾಯಿಸೋ ಮುಂಚೆ ಟೈರ್ ಗಾಳಿ ನೋಡಿಸಿ. ಎಷ್ಟು ಬೇಕು ಅಂತ ಹೇಳದಿದ್ದರೆ ಗಾಳಿ ಹಾಕೋರು ನಾಲ್ಕು ಚಕ್ರಕ್ಕೂ 40 ಪಿಎಸ್‌ಐ ತುಂಬಿಬಿಡ್ತಾರೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಸರಿಯಾದ ಅಂಕಿ ಇರುತ್ತೆ, ಟೈರ್ ತಣ್ಣಗಿದ್ದಾಗ ಅಷ್ಟೇ ಹಾಕಿಸಿ.