ಒಣಗಿತಾ?

ನಮ್ಮ ಹಾಲ್‌ನಲ್ಲಿರುವ ಬೆಂಚಿನ ಮೇಲೆ ನಿನ್ನೆಗೆ ಐದು ಬೆರಳಚ್ಚು ಆಯಿತು. ಪೊಲೀಸರನ್ನು ಕರೆಯುವ ಅಗತ್ಯ ಇಲ್ಲ. ಐದೂ ಪಕ್ಕದ ಮನೆ ಅಂಕಲ್‌ದು.

ಅಜ್ಜನ ಕಾಲದ ಬೀಟೆ ಬೆಂಚು ಅದು. ಪಾಲಿಶ್‌ನವರು ಹೇಳಿದ ರೇಟು ಕೇಳಿ, ನಾನೇ ಮಾಡ್ತೀನಿ ಅಂದೆ. ಹೆಂಡತಿ ಏನೂ ಅನ್ನಲಿಲ್ಲ. ಸುಮ್ನೆ ಕರ್ಟನ್‌ಗಳನ್ನೆಲ್ಲ ಬಿಚ್ಚಿ ಒಳಗಿಟ್ಟಳು.

ಉಪ್ಪುಕಾಗದ ತರಿತರಿಯಾದ 80 ನಂಬರಿನಿಂದ ಶುರು ಮಾಡಿ 120, 220, ನಯವಾದ 320 ಅಂತ ಹತ್ತಬೇಕು. ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಆಗ ಕಾಣಿಸುವುದೇ ಇಲ್ಲ. ಪಾಲಿಶ್ ಬಿದ್ದ ಮೇಲೆ ಎದ್ದು ಕೂರುತ್ತದೆ. ಮೂರು ದಿನ ಉಜ್ಜಿದೆ. ಸಾರಿನಲ್ಲೂ ಬೀಟೆ ಪುಡಿ, ಸೀನಿದರೂ ಬೀಟೆ ಪುಡಿ.

ಬೆಂಚಿನ ಬಲಗೈ ತುದಿಯಲ್ಲಿ ಮಾತ್ರ ಒಂದು ಜಾಗ ಮೊದಲೇ ಫಳಫಳ ಅಂತಿತ್ತು. ಪೇಪರ್ ಓದುವಾಗ ಅಜ್ಜ ಅಂಗೈ ಆಡಿಸುತ್ತಿದ್ದ ಜಾಗ. ಮೊದಲನೇ ದಿನದ ಉತ್ಸಾಹದಲ್ಲಿ ಅದರ ಮೇಲೂ 80 ನಂಬರ್ ಎಳೆದುಬಿಟ್ಟೆ. ಈಗ ಅಲ್ಲಿಗೆ ಎಷ್ಟು ಕೈ ಪಾಲಿಶ್ ಹಾಕಿದರೂ ಆ ಹೊಳಪು ಬರುತ್ತಿಲ್ಲ.

ಇರಲಿ, ಅಂಕಲ್ ವಿಷಯಕ್ಕೆ ಬರೋಣ. ಪಾಲಿಶ್‌ಗೆ ಅರಗಿನ ಚಕ್ಕೆಯನ್ನು ರಾತ್ರಿಯಿಡೀ ಸ್ಪಿರಿಟ್‌ನಲ್ಲಿ ನೆನೆಸಿ, ಸೋಸಿ, ಹತ್ತಿ ಉಂಡೆಗೆ ಹಳೇ ಪಂಚೆ ಚೂರು ಸುತ್ತಿ ತೆಳ್ಳಗೆ ಒರೆಸುತ್ತಾ ಹೋಗಬೇಕು. ಕೈ ಮಧ್ಯದಲ್ಲಿ ನಿಂತರೆ ಉಂಡೆ ಅಲ್ಲೇ ಅಂಟಿಕೊಳ್ಳುತ್ತದೆ. ಒಣಗಲು ಜಾಸ್ತಿ ಹೊತ್ತೇನೂ ಬೇಡ, ಅರ್ಧ ಗಂಟೆ ಸಾಕು. ಆದರೆ ಅಂಕಲ್ ಬರುವುದೇ ಆ ಅರ್ಧ ಗಂಟೆಯೊಳಗೆ. ಸ್ಪಿರಿಟ್ ವಾಸನೆ ಅವರ ಮನೆಗೆ ಕಾಲಿಂಗ್ ಬೆಲ್ ಇದ್ದ ಹಾಗೆ.

"ಏನಪ್ಪಾ, ಒಣಗಿತಾ?"

"ಇಲ್ಲ ಅಂಕಲ್, ಮುಟ್ಟಬೇಡಿ" ಅನ್ನುವಷ್ಟರಲ್ಲಿ ತೋರುಬೆರಳು ಇಳಿದಿರುತ್ತದೆ. ಎತ್ತಿ ನೋಡಿ, ಹೆಬ್ಬೆರಳಿಗೆ ಉಜ್ಜಿ, ಮೂಸಿ, "ಇನ್ನೂ ಒಣಗಿಲ್ಲ" ಅಂತ ನನಗೇ ಹೇಳುತ್ತಾರೆ. ಅಷ್ಟಕ್ಕೇ ಬಿಟ್ಟರೂ ಆಗುತ್ತಿತ್ತು. "ಈ ಕಡೆ ನೋಡೋಣ" ಅಂತ ಇನ್ನೊಂದು ತುದಿಗೂ ಹೋಗುತ್ತಾರೆ! ನಾನು 320 ಹಿಡಿದು ಮತ್ತೆ ಕೂರುತ್ತೇನೆ. ಬೋರ್ಡ್ ಬರೆದಿಟ್ಟೆ. ಬೋರ್ಡನ್ನು ಪೂರ್ತಿ ಓದಿ, ಆಮೇಲೆ ಮುಟ್ಟಿದರು.

ಅದಕ್ಕೇ ಇವತ್ತು ಉಪಾಯ ಮಾಡಿದೆ. ಕೊನೆಯ ಕೈ ಹಾಕಿ ಮುಗಿಸಿದ ಹೊತ್ತಿಗೆ ಅವರು ಬಂದರು. ಬಾಗಿಲಲ್ಲೇ ಬಿಸಿಬಿಸಿ ಕಾಫಿ ಕೊಟ್ಟೆ. ಒಂದು ಕೈಗೆ ಲೋಟ, ಇನ್ನೊಂದಕ್ಕೆ ದವರ. ಇನ್ನು ಹೇಗೆ ಮುಟ್ಟುತ್ತಾರೆ, ನೋಡೇಬಿಡೋಣ ಅಂತ.

ಅಂಕಲ್ ಎರಡು ಗುಟುಕು ಕುಡಿದರು. ಬೆಂಚು ನೋಡಿದರು. ಲೋಟವನ್ನು ಬೆಂಚಿನ ಮೇಲಿಟ್ಟು, ತೋರುಬೆರಳು ಇಳಿಸಿದರು.

ಅರಗಿಗೆ ಬಿಸಿ ಆಗದು. ಲೋಟ ಎತ್ತಿದಾಗ ಅಡಿಯಲ್ಲಿ ದುಂಡಗೆ ಬಿಳಿ ಉಂಗುರ. ಅಂಕಲ್ ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಇಲ್ಲಿ ಸರಿಯಾಗಿ ಉಜ್ಜಿಲ್ಲ ಕಣಪ್ಪಾ ನೀನು."