ಹಳ್ಳಿ ಪಬ್ಬಿಗೆ ಜನ ಯಾಕೆ ಹೋಗಬೇಕು?
ಇಂಗ್ಲೆಂಡಿನ ಹಳ್ಳಿ ಪಬ್ಬುಗಳು ಮುಚ್ಚುತ್ತಿರುವುದಕ್ಕೆ ಜನ ಮನೆ ಬಿಟ್ಟು ಬರದಿರುವುದೇ ಕಾರಣ ಎಂದು ಬರೆದಿದ್ದೀರಿ. ಪೂರ್ತಿ ಒಪ್ಪೋಕೆ ಆಗಲ್ಲ ಸಾರ್. ಬಂದವರಿಗೆ ಏನು ಬಡಿಸುತ್ತಾರೆ ಅನ್ನೋದನ್ನೂ ನೋಡಬೇಕಲ್ವಾ?

ಅಲ್ಲಿನ ಕಾಟ್ಸ್‌ವೋಲ್ಡ್ಸ್ ಗುಡ್ಡಸೀಮೆ ಕಡೆ ಒಂದು ಪಬ್ಬಿಗೆ ಸಂಡೇ ರೋಸ್ಟ್, ಅಂದರೆ ಓವನ್ನಿನಲ್ಲಿ ಬೇಯಿಸಿದ ಮಾಂಸ, ತರಕಾರಿ, ಗ್ರೇವಿ ಇರುವ ಭಾನುವಾರದ ಊಟ ತಿನ್ನಲು ಹೋಗಿದ್ದೆವು. ಕೌಂಟರಿನಲ್ಲಿ ಟೇಬಲ್ ನಂಬರ್ ಹೇಳಿ ಮೊದಲೇ ದುಡ್ಡು ಕೊಡಬೇಕು. ಅದು ಅಲ್ಲಿನ ಪದ್ಧತಿ, ತಕರಾರಿಲ್ಲ. ತಟ್ಟೆ ಬರುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ಅದರ ಜೊತೆ ಕೊಡುವ ಯಾರ್ಕ್‌ಷೈರ್ ಪುಡ್ಡಿಂಗ್ ಸಿಹಿಯಲ್ಲ, ಹಿಟ್ಟು-ಮೊಟ್ಟೆ-ಹಾಲಿನ ಬೇಯಿಸಿದ ತಿನಿಸು; ಉಬ್ಬಿ, ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿರಬೇಕಾದ ಅದು ಒಣಗಿದ ರೊಟ್ಟಿಯಂತೆ ಗಟ್ಟಿ. ಗ್ರೇವಿ ಆರಿ ಕೆನೆ ಕಟ್ಟಿತ್ತು. ಕ್ಯಾರೆಟ್ ಹೊರಗೆ ಸುಡುತ್ತಿದೆ, ಒಳಗೆ ಐಸು! ನನ್ನ ಹೆಂಡತಿ ಸಸ್ಯಾಹಾರಿ. ಅವಳು ಹೇಳಿದ್ದ ನಟ್ ರೋಸ್ಟ್ (ಮಾಂಸದ ಬದಲು ಗೋಡಂಬಿಯಂಥ ಬೀಜಗಳಿಂದ ಮಾಡೋದು) ಖಾಲಿ ಎಂದು ಹೇಳಲೂ ಯಾರೂ ಬರಲಿಲ್ಲ, ನಾವೇ ಎದ್ದು ಹೋಗಿ ಕೇಳಬೇಕಾಯಿತು. ಸರ್ವಿಸ್ ಚಾರ್ಜ್ ಮಾತ್ರ ಮೊದಲೇ ಹಿಡಿದುಕೊಂಡಿದ್ದರು.

ಅವರಿಗೂ ಕಷ್ಟ ಇದೆ ಬಿಡಿ. 20% ವ್ಯಾಟ್, ಜೊತೆಗೆ ಎಷ್ಟೋ ಪಬ್ಬುಗಳಿಗೆ ಕಟ್ಟಡದ ಮಾಲೀಕ ಕಂಪನಿಯಿಂದಲೇ ಬಿಯರ್ ಕೊಳ್ಳಬೇಕೆಂಬ ಕರಾರು. ಆಗ ಕತ್ತರಿ ಬೀಳೋದು ಅಡುಗೆಮನೆಗೆ. ಸರಿ, ಆದರೆ ಅಡುಗೆಯವರು ಇಲ್ಲದಿದ್ದ ಮೇಲೆ ಅಷ್ಟುದ್ದದ ಮೆನು ಯಾಕೆ? ಸುಮ್ನೆ ನಾಲ್ಕು ಐಟಂ ಇಟ್ಟು ಬಿಸಿಬಿಸಿ ಕೊಡಲಿ, ನಾವಂತೂ ಹೋಗ್ತೇವೆ.