ಉದ್ಭವಿಸುವುದಿಲ್ಲ

'ಉದ್ಭವ' ಎಂಬ ಪದ ಕನ್ನಡದಲ್ಲಿ ಈಗ ಎರಡೇ ಕಡೆ ಉಳಿದುಕೊಂಡಿದೆ. ಒಂದು ದೇವಸ್ಥಾನದಲ್ಲಿ, ಇನ್ನೊಂದು ವಿಧಾನಸೌಧದಲ್ಲಿ. ದೇವಸ್ಥಾನದಲ್ಲಿ ಲಿಂಗ ಉದ್ಭವಿಸುತ್ತದೆ, ಗಣಪತಿ ಉದ್ಭವಿಸುತ್ತಾನೆ. ವಿಧಾನಸೌಧದಲ್ಲಿ ಯಾವುದೂ ಉದ್ಭವಿಸುವುದಿಲ್ಲ. ನಂಬಿಕೆ ಬಾರದಿದ್ದರೆ ಅಧಿವೇಶನದಲ್ಲಿ ಶಾಸಕರಿಗೆ ಹಂಚುವ ಯಾವುದಾದರೂ ಉತ್ತರದ ಹಾಳೆ ತೆಗೆದು ನೋಡಿ. ಮೇಲೆ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೊಂದು ಕೋಷ್ಟಕ. ಎಡಗಡೆ ಅ, ಆ, ಇ, ಈ ಎಂದು ಕವಲೊಡೆದ ಪ್ರಶ್ನೆ, ಬಲಗಡೆ ಉತ್ತರ.

ಮುಂಗಾರು ಶುರುವಾದ ಕೂಡಲೇ ತಪ್ಪದೆ ಮೊಳೆಯುವ ಪ್ರಶ್ನೆಯೊಂದನ್ನೇ ತೆಗೆದುಕೊಳ್ಳೋಣ. ಅ) ರಾಜ್ಯದಲ್ಲಿ ಡಿಎಪಿ ಗೊಬ್ಬರದ ಕೊರತೆ ಉಂಟಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಲಗಡೆ: 'ಇಲ್ಲ.' ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? 'ಉದ್ಭವಿಸುವುದಿಲ್ಲ.' ಇ) ಯಾವ ಕಾಲಮಿತಿಯಲ್ಲಿ ಕೊರತೆ ನೀಗಿಸಲಾಗುವುದು? 'ಉದ್ಭವಿಸುವುದಿಲ್ಲ.' ಹದಿನೈದು ದಿನ ಕಾದು ಪಡೆದ ಉತ್ತರ ಮೂರು ಪದದಲ್ಲಿ ಮುಗಿಯಿತು. ಊರಿನ ಸೊಸೈಟಿ ಮುಂದೆ ಮಾತ್ರ ಬೆಳಗಿನ ಜಾವದಿಂದ ಚಪ್ಪಲಿಗಳ ಸಾಲು ಉದ್ಭವಿಸಿದೆ, ಅವುಗಳ ಯಜಮಾನರು ಪಕ್ಕದ ಟೀ ಅಂಗಡಿಯಲ್ಲಿದ್ದಾರೆ.

ಇದರಲ್ಲಿ ಉತ್ತರ ಬರೆದವರಿಗಿಂತ ಪ್ರಶ್ನೆ ಬರೆದುಕೊಟ್ಟವರ ತಪ್ಪೇ ದೊಡ್ಡದು. 'ಗಮನಕ್ಕೆ ಬಂದಿದೆಯೇ' ಎಂದು ಶುರು ಮಾಡುವುದೆಂದರೆ ಹಿತ್ತಿಲ ಬಾಗಿಲು ತೆರೆದಿಟ್ಟು ಮುಂಬಾಗಿಲು ತಟ್ಟಿದ ಹಾಗೆ. ಸರ್ಕಾರದ ಗಮನವನ್ನು ಅಳೆಯುವ ಮಾಪಕ ಯಾವ ಇಲಾಖೆಯಲ್ಲೂ ಇಲ್ಲ. ಅದರ ಬದಲು 'ಜುಲೈ 1ರಿಂದ 15ರವರೆಗೆ ಇಂಥ ತಾಲ್ಲೂಕಿನ ಸೊಸೈಟಿಗಳಿಗೆ ಎಷ್ಟು ಚೀಲ ಡಿಎಪಿ ಬಂತು, ಯಾವ ದಿನ ಬಂತು, ಯಾವ ದಿನ ಖಾಲಿಯಾಯಿತು' ಎಂದು ಕೇಳಿದರೆ 'ಇಲ್ಲ' ಎನ್ನಲೂ ಆಗದು, 'ಉದ್ಭವಿಸುವುದಿಲ್ಲ' ಎನ್ನಲೂ ಆಗದು. ಇಂಥ ಪ್ರಶ್ನೆ ಬಂದ ದಿನ ಕೃಷಿ ಇಲಾಖೆಯಲ್ಲಿ ಊಟದ ಡಬ್ಬಿ ತೆರೆಯುವುದು ಮೂರು ಗಂಟೆಯ ಮೇಲೆ.

ಆಗಲೂ ಇಲಾಖೆ ಸೋತಿತು ಎಂದುಕೊಳ್ಳಬೇಡಿ. ಗೊಬ್ಬರಕ್ಕೆ ಒಂದಲ್ಲ, ಹಲವು ಲೆಕ್ಕಗಳಿವೆ: ಬೇಡಿಕೆ, ಹಂಚಿಕೆ, ಸರಬರಾಜು, ಲಭ್ಯತೆ, ಮಾರಾಟ, ದಾಸ್ತಾನು. ಇವುಗಳಲ್ಲಿ ಸಚಿವರಿಗೆ ಪ್ರಿಯವಾದದ್ದು ಲಭ್ಯತೆ. ಏಕೆಂದರೆ ಅದು ಹಂಗಾಮಿನ ಮೊದಲ ದಿನದ ಆರಂಭಿಕ ಶಿಲ್ಕು ಮತ್ತು ಆಮೇಲೆ ಬಂದದ್ದೆಲ್ಲ ಸೇರಿದ ಮೊತ್ತ. ಮಾರಿ ಹೋದದ್ದು, ಹೊಲಕ್ಕೆ ಬಿದ್ದದ್ದು, ಕರಗಿ ಬೇರಿಗಿಳಿದದ್ದು ಕೂಡ ಅದರಲ್ಲಿ ಚಿರಂಜೀವಿಯಾಗಿ ಉಳಿದಿರುತ್ತದೆ. ದಾಸ್ತಾನಿನ ಕಥೆ ಇನ್ನೂ ಸ್ವಾರಸ್ಯದ್ದು. ಈಗ ಗೊಬ್ಬರ ಮಾರಾಟ ಅಂಗಡಿಯಲ್ಲಿಟ್ಟ ಪಿಒಎಸ್ ಎಂಬ ಬಿಲ್ಲಿನ ಯಂತ್ರದ ಮೂಲಕ. ರೈತ ಆಧಾರ್ ಹೇಳಿ ಬೆರಳಚ್ಚು ಒತ್ತಬೇಕು. ಮಳೆ ಬಿದ್ದ ಮರುದಿನ ಅಂಗಡಿ ಮುಂದೆ ಜಾತ್ರೆ. ಗುದ್ದಲಿ ಹಿಡಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸುವುದಿಲ್ಲ, ಗುರುತಿಸುವ ಮನಸ್ಸಾದಾಗ ನೆಟ್‌ವರ್ಕ್ ಇರುವುದಿಲ್ಲ. ಅಂಗಡಿಯವರು ನೋಟ್‌ಬುಕ್ಕಿನಲ್ಲಿ ಹೆಸರು ಗೀಚಿಕೊಂಡು ಚೀಲ ಕೊಟ್ಟು ಕಳಿಸುತ್ತಾರೆ, 'ರಾತ್ರಿ ಎಂಟ್ರಿ ಮಾಡಿದರಾಯ್ತು' ಎಂದು. ಆ ರಾತ್ರಿ ಒಂದು ವಾರದ ನಂತರ ಬರುತ್ತದೆ. ಅಲ್ಲಿಯವರೆಗೆ ಅಂಗಡಿ ಖಾಲಿ, ಯಂತ್ರದಲ್ಲಿ ಗೋದಾಮು ತುಂಬಿ ತುಳುಕುತ್ತಿದೆ. ಸದನದಲ್ಲಿ ಸಚಿವರು ಓದುವುದು ಯಂತ್ರದ ಲೆಕ್ಕ, ವಿರೋಧ ಪಕ್ಷದವರು ಕೂಗುವುದು ಅಂಗಡಿಯ ಲೆಕ್ಕ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅದಕ್ಕೇ ಗಲಾಟೆ ನಿಲ್ಲುವುದೂ ಇಲ್ಲ.

ಚೀಲದ ಲೆಕ್ಕದಲ್ಲಿ ಇನ್ನೊಂದು ಗುಂಡಿ ಇದೆ. ಡಿಎಪಿ ಚೀಲ 50 ಕಿಲೊ, ಟನ್ನಿಗೆ 20 ಚೀಲ. ಯೂರಿಯಾ ಕೂಡ ಹಾಗೇ ಇತ್ತು, 2018ರಲ್ಲಿ ಅದು 45 ಕಿಲೊಗೆ ಇಳಿಯಿತು. ಚೀಲ ಸಣ್ಣದಾಯಿತು, ಕೈ ಮಾತ್ರ ಹಳೇ ರೂಢಿಯಲ್ಲೇ ಲೆಕ್ಕ ಹಾಕುತ್ತದೆ. ತಾಲ್ಲೂಕಿನಿಂದ '20,000 ಚೀಲ ಮಾರಾಟ' ಎಂದು ಬಂದದ್ದನ್ನು ಯಾರೋ 50ರಿಂದ ಗುಣಿಸಿ 1,000 ಟನ್ ಎಂದು ಬರೆಯುತ್ತಾರೆ. ನಿಜಕ್ಕೂ ಅದು 900 ಟನ್. ಪಕ್ಕದ ಕಾಲಂನಲ್ಲಿ ಸರಬರಾಜು 900 ಟನ್ ಎಂದೇ ಇದೆ. ಅಂದರೆ ಬಂದದ್ದಕ್ಕಿಂತ 100 ಟನ್ ಹೆಚ್ಚು ಮಾರಾಟವಾಗಿದೆ. ವಿಧಾನಸೌಧದ ಕಾಗದದಲ್ಲಿ ಏನಾದರೂ ಉದ್ಭವಿಸಿದ್ದರೆ ಈ ಯೂರಿಯಾ ಒಂದೇ.

ಇಷ್ಟೆಲ್ಲ ಆಗುವುದು ಪ್ರಶ್ನೆ ಸರಿಯಾದ ಸಚಿವರಿಗೆ ಹೋದರೆ. ಒಬ್ಬ ರೈತ ಎರಡೆಕರೆ ತೊಗರಿ, ಒಂದೆಕರೆ ಈರುಳ್ಳಿ, ಇನ್ನೊಂದೆಕರೆ ಕಬ್ಬು ಹಾಕಿದ್ದಾನೆ ಎನ್ನಿ. ತೊಗರಿ ಬಿತ್ತುವಾಗ ಅವನು ಕೃಷಿ ಸಚಿವರ ರೈತ. ಈರುಳ್ಳಿ ಮಡಿಗೆ ಕಾಲಿಟ್ಟರೆ ತೋಟಗಾರಿಕೆ ಸಚಿವರವನು. ಕಬ್ಬಿನ ಬಾಕಿ ಬಿಲ್ಲಿಗೆ ಸಕ್ಕರೆ ಸಚಿವರು, ಮಳೆ ಬಂದು ಕೊಚ್ಚಿ ಹೋದರೆ ಪರಿಹಾರಕ್ಕೆ ಕಂದಾಯ ಸಚಿವರು, ಪಂಪ್‌ಸೆಟ್ಟಿನ ಕರೆಂಟಿಗೆ ಇಂಧನ ಸಚಿವರು. ಅವನ ಮಕ್ಕಳೂ ಅಷ್ಟೇ: ಕಿರಿಯವಳು ಅಂಗನವಾಡಿಗೆ ಹೋದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಒಂದನೇ ತರಗತಿಗೆ ಸೇರಿದ ದಿನದಿಂದ ಶಾಲಾ ಶಿಕ್ಷಣ, ಡಿಗ್ರಿಗೆ ಉನ್ನತ ಶಿಕ್ಷಣ, ಐಟಿಐಗೆ ಕೌಶಲಾಭಿವೃದ್ಧಿ. 'ರೈತರ ಸಂಕಷ್ಟ' ಎಂದು ಒಟ್ಟಾಗಿ ಕೇಳಿದರೆ 'ಸದರಿ ವಿಷಯವು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಉತ್ತರ ಎಲ್ಲರಿಂದಲೂ ಬರುತ್ತದೆ, ಪ್ರತಿಯೊಂದೂ ಸತ್ಯವೇ ಆಗಿರುತ್ತದೆ.

ದೆಹಲಿಯಲ್ಲಿ ಈ ಕಲೆ ಸಂವಿಧಾನದ ಮಟ್ಟಕ್ಕೇ ಏರಿದೆ. ಸಂಸತ್ತಿನಲ್ಲಿ ಕೃಷಿಯ ಬಗ್ಗೆ ಕೇಳಿದರೆ ಉತ್ತರದ ಮೊದಲ ಸಾಲು ಬಹುತೇಕ ಒಂದೇ: 'ಕೃಷಿಯು ರಾಜ್ಯದ ವಿಷಯ.' ಶಿಕ್ಷಣದ ಬಗ್ಗೆ ಕೇಳಿದರೆ: 'ಶಿಕ್ಷಣವು ಸಮವರ್ತಿ ಪಟ್ಟಿಯಲ್ಲಿದೆ, ಹೆಚ್ಚಿನ ಶಾಲೆಗಳು ರಾಜ್ಯಗಳ ಅಧೀನದಲ್ಲಿವೆ.' 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿಗೆ ಎತ್ತಿಕೊಂಡು ಹೋದಾಗ ಇಬ್ಬರು ನೋಡಿಕೊಳ್ಳುತ್ತಾರೆ ಎಂಬ ಲೆಕ್ಕವಿತ್ತು. ಈಗ ಇಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎನ್ನುತ್ತಾರೆ. ಅದೇ ಪ್ರಶ್ನೆ ಬೆಂಗಳೂರಿಗೆ ಬಂದರೆ 'ಈ ಬಗ್ಗೆ ಕೇಂದ್ರಕ್ಕೆ ಪತ್ರ ಬರೆಯಲಾಗಿದೆ.' ಎತ್ತು ಏರಿಗೆ, ಕೋಣ ನೀರಿಗೆ. ನೊಗ ಮಾತ್ರ ಸಂವಿಧಾನಬದ್ಧ.

ಬಾಯಿಮಾತಿನ ಉತ್ತರ ಸಿಗುವುದು ಚುಕ್ಕೆ ಗುರುತಿನ ಪ್ರಶ್ನೆಗೆ ಮಾತ್ರ. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ, ಅಲ್ಲಿಗೆ ಕಥೆ ಮುಗಿಯಿತು. ಚುಕ್ಕೆ ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, ಸಮಯ ಒಂದು ಗಂಟೆ. ಇಪ್ಪತ್ತೂ ಮುಗಿದರೆ ಅದೇ ಒಂದು ಸುದ್ದಿ. 2019ರ ನವೆಂಬರ್ 27ರಂದು ಹಾಗಾದಾಗ ಪತ್ರಿಕೆಗಳು ಹಿಂದೊಮ್ಮೆ ಹೀಗಾಗಿದ್ದ 1972ರ ದಾಖಲೆ ಹುಡುಕಿ ತೆಗೆದವು.

ನಮ್ಮ ಸದನದಲ್ಲಿ ಸಚಿವರು ಎದ್ದು 'ಉತ್ತರ ಒದಗಿಸಿದೆ, ಸಭಾಧ್ಯಕ್ಷರೇ' ಎನ್ನುತ್ತಾರೆ. ಅಲ್ಲಿಯವರೆಗೆ ಕ್ಷೇಮ. ಅಪಘಾತವಾಗುವುದು ಉಪಪ್ರಶ್ನೆಯಲ್ಲಿ. ಅದಕ್ಕೆಂದೇ ಸಚಿವರ ಕೈಯಲ್ಲಿ ದಪ್ಪ ಕಡತ, ಅದರಂಚಿನಲ್ಲಿ ಬಣ್ಣಬಣ್ಣದ ಫ್ಲ್ಯಾಗ್ ಚೀಟಿಗಳು. ಹಳದಿ ಬಿತ್ತನೆ ಬೀಜ, ಗುಲಾಬಿ ಬೆಳೆ ವಿಮೆ, ಹಸಿರು ಸಬ್ಸಿಡಿ. ಕಡತವನ್ನು ಒಮ್ಮೆ ಜೋರಾಗಿ ಮುಚ್ಚಿದರೆ ಅರ್ಧ ಫ್ಲ್ಯಾಗ್ ಕಾಲ ಬುಡದಲ್ಲಿ. ಆಗ ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಹೊರಡುತ್ತದೆ. ಅವಸರದಲ್ಲಿ ತೊಡೆಯ ಮೇಲಿಟ್ಟು ಬರೆದ, ನಾಲ್ಕಾಗಿ ಮಡಚಿದ ಚೀಟಿ. ಸಿಬ್ಬಂದಿಯ ಕೈಯಿಂದ ಹಿಂದಿನ ಸಾಲಿನ ಶಾಸಕರಿಗೆ, ಅವರಿಂದ ಮುಂದಿನ ಸಾಲಿಗೆ. ದಾರಿಯಲ್ಲಿ ಒಬ್ಬಿಬ್ಬರು ಬಿಡಿಸಿ ನೋಡುವುದೂ ಉಂಟು. ಮಡಿಕೆ ಸರಿಯಾಗಿ ದಶಮಾಂಶ ಬಿಂದುವಿನ ಮೇಲೇ ಬಿದ್ದಿದ್ದರೆ ಶೇ. 4.5 ಎಂಬುದು ಸದನದಲ್ಲಿ ಶೇ. 45 ಆಗಿ ಮೊಳಗುತ್ತದೆ, ಆಡಳಿತ ಪಕ್ಷ ಮೇಜು ಕುಟ್ಟುತ್ತದೆ. ಒಮ್ಮೊಮ್ಮೆ ಚೀಟಿ ತಲುಪುವಷ್ಟರಲ್ಲಿ ಸದನ ಮುಂದಿನ ಪ್ರಶ್ನೆಗೆ ಹೋಗಿರುತ್ತದೆ. ಆಗ ಚೀಟಿ ಸಚಿವರ ಜೇಬು ಸೇರಿ, ರಾತ್ರಿ ಧೋಬಿಗೆ ಸರ್ಕಾರಿ ರಹಸ್ಯ ಬಯಲಾಗುತ್ತದೆ.

ಸಚಿವರು ಬಾಯಿ ಬಿಗಿಹಿಡಿಯುವುದಕ್ಕೆ ಇನ್ನೊಂದು ಕಾರಣ ಭರವಸೆಗಳ ಸಮಿತಿ. ಲೋಕಸಭೆಯಲ್ಲಿ 1953ರಿಂದ ಇದೆ, ನಮ್ಮಲ್ಲೂ ಇದೆ. 'ಪರಿಶೀಲನೆಯಲ್ಲಿದೆ', 'ನೋಡುತ್ತೇನೆ', 'ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು' ಎಂಬ ಮಾತುಗಳೆಲ್ಲ ದೆಹಲಿಯ ಸಮಿತಿಯ ಪಟ್ಟಿಯಲ್ಲಿ ಭರವಸೆಗಳೇ. ಮೂರು ತಿಂಗಳೊಳಗೆ ಈಡೇರಿಸಬೇಕು. ಮನೆಯಲ್ಲಿ ಹೆಂಡತಿಗೆ 'ನೋಡೋಣ' ಅಂದರೆ ಇಲ್ಲ ಎಂದರ್ಥ, ಸದನದಲ್ಲಿ ಅದೇ ಮಾತು ಸಾಲಪತ್ರ. ಹಾಗಾಗಿ ಪಳಗಿದವರು ಹಿಡಿದುಕೊಂಡಿರುವ ಪದ 'ಇದು ನಿರಂತರ ಪ್ರಕ್ರಿಯೆ.' ಅದಕ್ಕೆ ಆರಂಭವೂ ಇಲ್ಲ, ಅಂತ್ಯವೂ ಇಲ್ಲ, ಗಡುವಂತೂ ಇಲ್ಲವೇ ಇಲ್ಲ.

ಡಿಸೆಂಬರಿನಲ್ಲಿ ಈ ಇಡೀ ಸಂಸಾರ ಕಡತ, ಪ್ರಿಂಟರ್ ಸಮೇತ ಸುಮಾರು 500 ಕಿ.ಮೀ. ದಾಟಿ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಹೋಗುತ್ತದೆ. ಹೀಗೆ ಬೀಡುಬಿಡುವ ಅಧಿಕಾರಿಗಳ ಕಥೆ ಹಳೆಯದು: ಭಾರತದ ಶಾಸನಸಭೆಯಲ್ಲಿ ಮೊಟ್ಟಮೊದಲ ಪ್ರಶ್ನೆ ಕೇಳಿದ್ದು 1893ರ ಫೆಬ್ರವರಿ 16ರಂದು, ಇಂದಿನ ಉತ್ತರ ಪ್ರದೇಶದ ಭಿಂಗಾದ ರಾಜರು. ವಿಷಯ: ಅಧಿಕಾರಿಗಳು ಕ್ಯಾಂಪ್ ಬಂದಾಗ ಸಾಮಾನು ಪೂರೈಸಬೇಕಾದ ಹಳ್ಳಿ ಅಂಗಡಿಯವರ ಗೋಳು. ಬೆಳಗಾವಿಯ ಲಾಡ್ಜಿನವರು ಈ ವಿಷಯದಲ್ಲಿ ಬೇರೆ ಅಭಿಪ್ರಾಯ ಹೊಂದಿದ್ದಾರು.

ಇನ್ನು ಉತ್ತರ ಹುಟ್ಟುವ ಜಾಗಕ್ಕೆ ಬರೋಣ. ಕಚೇರಿಗಳಲ್ಲಿ ವಿಧಾನಸಭೆಯ ಪ್ರಶ್ನೆಯ ಹೆಸರು ಎಲ್‌ಎಕ್ಯೂ, ಪರಿಷತ್ತಿನದಾದರೆ ಎಲ್‌ಸಿಕ್ಯೂ. 'ಎಲ್‌ಎಕ್ಯೂ ಬಂದಿದೆ' ಎಂದರೆ ರಜೆ ರದ್ದು ಎಂದೇ ಅರ್ಥ. ಶಿಕ್ಷಣ ಇಲಾಖೆಯದಾದರೆ ಆಯುಕ್ತರಿಂದ ಜಿಲ್ಲೆಯ ಡಿಡಿಪಿಐ, ಅವರಿಂದ ಬ್ಲಾಕಿನ ಬಿಇಒ, ಅವರಿಂದ ಒಂದಷ್ಟು ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ, ಅವರಿಂದ ಮುಖ್ಯ ಶಿಕ್ಷಕರು. ಪ್ರಶ್ನೆ ಇಳಿದಂತೆಲ್ಲ ಪ್ರತಿಯೊಬ್ಬರೂ ತಮಗೆ ಇರಲಿ ಎಂದು ಗಡುವಿನಲ್ಲಿ ಒಂದೊಂದು ದಿನ ಮುರಿದುಕೊಳ್ಳುತ್ತಾರೆ. ಮೇಲೆ ಐದು ದಿನವಿದ್ದದ್ದು ಶಾಲೆಯ ವಾಟ್ಸ್‌ಆ್ಯಪ್ ಮುಟ್ಟುವಾಗ 'ಅತಿ ತುರ್ತು, ಇಂದು ಸಂಜೆ 4 ಗಂಟೆಯೊಳಗೆ.' ಜೊತೆಗೊಂದು ನಮೂನೆ. ಶಾಸಕರು ಕೇಳಿದ್ದು ತಮ್ಮ ಕ್ಷೇತ್ರದ ಲೆಕ್ಕ. ಇಲಾಖೆಯ ಬಳಿ ಇರುವುದು ಬಿಇಒ ವ್ಯಾಪ್ತಿಯ ಬ್ಲಾಕಿನ ಲೆಕ್ಕ. ಕ್ಷೇತ್ರದ ಗೆರೆ ಹೋಬಳಿಯ ನಡುವೆಯೇ ಹಾದುಹೋಗಿದೆ. ಕೃಷಿ ಇಲಾಖೆಯ ಪಟ್ಟಿಯಲ್ಲಿ 31 ಜಿಲ್ಲೆ. ಶಿಕ್ಷಣ ಇಲಾಖೆಯದರಲ್ಲಿ 35, ಏಕೆಂದರೆ ಅಲ್ಲಿ ಮಧುಗಿರಿ, ಚಿಕ್ಕೋಡಿ, ಶಿರಸಿ ಕೂಡ ಜಿಲ್ಲೆಗಳೇ, ಬೆಂಗಳೂರು ನಗರ ಉತ್ತರ-ದಕ್ಷಿಣ ಎಂದು ಎರಡು. ಎರಡೂ ಇಲಾಖೆಗೆ ಒಂದೇ ಎಕ್ಸೆಲ್ ನಮೂನೆ ಕಳಿಸಿದರೆ ನಾಲ್ಕು ಸಾಲು ಅನಾಥ. 'ಕಳೆದ ಮೂರು ವರ್ಷಗಳಲ್ಲಿ' ಎಂದಿದ್ದರೆ ಹಣಕಾಸು ವಿಭಾಗದವರು ಏಪ್ರಿಲ್‌ನಿಂದ ಎಣಿಸುತ್ತಾರೆ, ಶಾಲೆಯವರು ಜೂನ್‌ನಿಂದ.

ಅಂಕಿ ಸರಿಯಿದ್ದರೂ ಅರ್ಥ ಜಾರುತ್ತದೆ. ಶಾಲೆಗಳ ವಿವರವೆಲ್ಲ ತುಂಬುವ ಯುಡೈಸ್ ದತ್ತಾಂಶದಲ್ಲಿ ಶೌಚಾಲಯ 'ಇದೆ' ಎಂಬುದು ಒಂದು ಕಾಲಂ, 'ಬಳಕೆಯಲ್ಲಿದೆ' ಎಂಬುದು ಇನ್ನೊಂದು. 'ಶೌಚಾಲಯವಿಲ್ಲದ ಶಾಲೆಗಳೆಷ್ಟು' ಎಂದು ಕೇಳಿದರೆ ಉತ್ತರ ಮೊದಲ ಕಾಲಂನಿಂದ ಬರುತ್ತದೆ. ಬಾಗಿಲಿಗೆ ಬೀಗ ಹಾಕಿ ಒಳಗೆ ಪೊರಕೆ, ಚುನಾವಣೆಯ ಹಳೇ ಬೆಂಚು ಇಟ್ಟದ್ದೂ ಅದರಲ್ಲಿ ಶೌಚಾಲಯವೇ. ಶಿಕ್ಷಕರದೂ ಹೀಗೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಬೇಕು. ಹಾಜರಿ ಪುಸ್ತಕದಲ್ಲಿ ಇಬ್ಬರಿದ್ದಾರೆ, ಒಬ್ಬರು ನಿಯೋಜನೆ ಮೇಲೆ ಬೇರೆ ಕಡೆ. ಸಂಬಳ ಇಲ್ಲಿ, ಕೆಲಸ ಅಲ್ಲಿ, ಲೆಕ್ಕ ಇಲ್ಲಿ. ಆದ್ದರಿಂದ ಅದು ಏಕೋಪಾಧ್ಯಾಯ ಶಾಲೆ ಅಲ್ಲ. ಕೇಳಬೇಕಾದದ್ದು 'ಇಂಥ ದಿನ ತರಗತಿಯಲ್ಲಿ ನಿಂತು ಪಾಠ ಮಾಡಿದವರು ಎಷ್ಟು ಜನ' ಎಂದು.

ಉಳಿದ ಆ ಒಬ್ಬರು, ಐದು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ 'ಸದ್ದು ಮಾಡಬೇಡಿ, ಮಗ್ಗಿ ಬರೀರಿ' ಎಂದು ಹೇಳಿ, ಫೋನು ಹಿಡಿದು ನಮೂನೆ ತುಂಬಲು ಹೊರಗೆ ಕಟ್ಟೆಯ ಮೇಲೆ ಕೂರುತ್ತಾರೆ. ಪ್ರಶ್ನೆ: 'ಏಕೋಪಾಧ್ಯಾಯ ಶಾಲೆಗಳಲ್ಲಿ ಬೋಧನೆಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಮಂಜೂರಾದ ಹುದ್ದೆ 2, ಭರ್ತಿ 2, ಖಾಲಿ 0. ಕೊನೆಯ ಕಾಲಂ 'ಷರಾ'. ಅಲ್ಲಿ ಅವರು ಬರೆಯುತ್ತಾರೆ: 'ಈ ಮಾಹಿತಿ ತುಂಬುವಾಗ ಯಾವ ತರಗತಿಯೂ ನಡೆದಿಲ್ಲ.' ಬ್ಲಾಕಿನಲ್ಲಿ ಎಲ್ಲ ಶಾಲೆಗಳದನ್ನೂ ಒಟ್ಟು ಮಾಡುವಾಗ ಹಾಳೆ ಎ4 ಅಗಲಕ್ಕೆ ಹಿಡಿಸುವುದಿಲ್ಲ. ಯಾವುದಾದರೂ ಒಂದು ಕಾಲಂ ತೆಗೆಯಬೇಕಾಗುತ್ತದೆ. ಷರಾ ತೆಗೆಯುತ್ತಾರೆ.